ಕ್ಷಯಾಣುವಿನ ಮೇಲೆ ಮೂಲಿಕೆಗಳ ಪರೀಕ್ಷೆ

ಬೀದರ ಜಿಲ್ಲೆಯಲ್ಲಿ ಪರಂಪರೆಯಿಂದ ಬಳಕೆಯಲ್ಲಿರುವ ಔಷಧೀಯ ಸಸ್ಯಗಳ ವಿವರವನ್ನು ಗುಲಬರ್ಗಾ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದರು. ಇಂಥ ಪಟ್ಟಿಯನ್ನು ಓದಿದ ವಿದ್ಯಾರ್ಥಿಗೆ, ಮೈಲೂರಿನ ಬೇಲಿಯಂಚಿನ ಕುಪ್ಪಿಗಿಡವಾಗಲಿ, ಕೆಮ್ಮಿಗೆ ಕಷಾಯ ಮಾಡುವ ಆಡುಸೋಗೆಯಾಗಲಿ ಕ್ಷಯಾಣುವನ್ನು ತಡೆಯಬಲ್ಲುದೇ ಎಂಬ ಪ್ರಶ್ನೆ ಹುಟ್ಟುವುದು ಸಹಜ. ಅದಕ್ಕೆ ಉತ್ತರವನ್ನು ಪಡೆಯುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಎಲೆಯನ್ನು ನೆರಳಿನಲ್ಲಿ ಒಣಗಿಸಿ, ಪುಡಿಮಾಡಿ, ನೀರಿನಲ್ಲಾಗಲಿ ಮದ್ಯಸಾರದಲ್ಲಾಗಲಿ ನೆನೆಯಿಟ್ಟು ಸೋಸಿದರೆ ಸಾರ ದೊರೆಯುತ್ತದೆ. ಇದನ್ನು ಬೇರೆ ಬೇರೆ ಪ್ರಮಾಣಗಳಲ್ಲಿ ಆಹಾರಮಾಧ್ಯಮಕ್ಕೆ ಬೆರೆಸಿ, ಅಣುಗಳನ್ನು ಬಿತ್ತಿ, ಅವುಗಳ ಬೆಳವಣಿಗೆಯನ್ನು ನಿಲ್ಲಿಸುವ ಅತ್ಯಲ್ಪ ಪ್ರಮಾಣವನ್ನು ಗುರುತಿಸುತ್ತಾರೆ. ಬರಿಯ ಮದ್ಯಸಾರವೇ ಅಣುಗಳನ್ನು ಕೊಂದಿರಬಹುದಾದ್ದರಿಂದ ಅದನ್ನು ಪ್ರತ್ಯೇಕವಾಗಿ ಪರೀಕ್ಷಿಸದಿದ್ದರೆ ಫಲಿತಾಂಶಕ್ಕೆ ಬೆಲೆಯಿಲ್ಲ.

ತೊಡಕಿರುವುದು ಅಣುವಿನಲ್ಲಿ. ನಮ್ಮ ಕರುಳಿನ ಸಾಮಾನ್ಯ ಸೂಕ್ಷ್ಮಾಣುವು ಅನುಕೂಲ ಸ್ಥಿತಿಯಲ್ಲಿ ಸುಮಾರು 20 ನಿಮಿಷಕ್ಕೊಮ್ಮೆ ಇಬ್ಭಾಗವಾದರೆ, ಕ್ಷಯಾಣುವಿಗೆ 18ರಿಂದ 24 ಗಂಟೆಗಳು ಬೇಕು. ಮೊಟ್ಟೆಯಿಂದ ಸಿದ್ಧಪಡಿಸಿದ ಲೋವೆನ್‌ಸ್ಟೈನ್-ಜೆನ್ಸನ್ ಮಾಧ್ಯಮದಲ್ಲಿ ಅದರ ಬೆಳೆ ಕಣ್ಣಿಗೆ ಕಾಣುವುದಕ್ಕೆ ಹಲವು ವಾರಗಳು ಹಿಡಿಯುತ್ತವೆ. ಗಾಳಿಯ ಮೂಲಕ ಹರಡುವ ರೋಗವಾದುದರಿಂದ ವಿಶೇಷ ರಕ್ಷಣೆಯುಳ್ಳ ಪ್ರಯೋಗಶಾಲೆಯೂ ಅವಶ್ಯಕ. ಆದಕಾರಣ ಕಾಲೇಜುಗಳಲ್ಲಿ ಅದರ ದಾಯಾದಿಯಾದ ಮೈಕೋಬ್ಯಾಕ್ಟೀರಿಯಂ ಸ್ಮೆಗ್ಮ್ಯಾಟಿಸ್ ಎಂಬ ಅಣುವನ್ನು ಬಳಸುವುದುಂಟು. ಇದು ಮೂರು ನಾಲ್ಕು ದಿನಗಳಲ್ಲಿ ಬೆಳೆಯುತ್ತದೆ; ಸಾಮಾನ್ಯವಾಗಿ ಅಪಾಯಕರವೂ ಅಲ್ಲ.

ಆದರೆ ದಾಯಾದಿಯ ಸಾಕ್ಷ್ಯವನ್ನು ಎಷ್ಟು ನಂಬಬಹುದು? 2005ರಲ್ಲಿ ವರದಿಯಾದ ಬೆಡಾಕ್ವಿಲಿನ್ ಎಂಬ ಔಷಧಿಯು ಮೊದಲು ಪತ್ತೆಯಾದದ್ದು ಸ್ಮೆಗ್ಮ್ಯಾಟಿಸ್ ಮೇಲಣ ಪರೀಕ್ಷೆಯಿಂದಲೇ. ಇದಕ್ಕೆ ವಿರುದ್ಧವಾದ ನಿದರ್ಶನ ಪೈರಜಿನಮೈಡ್. ಕ್ಷಯಚಿಕಿತ್ಸೆಯ ಮುಖ್ಯ ಮದ್ದುಗಳಲ್ಲೊಂದಾದ ಇದಕ್ಕೆ ಸ್ಮೆಗ್ಮ್ಯಾಟಿಸ್ ಹುಟ್ಟಿನಿಂದಲೇ ಮಣಿಯದು. ಈ ಜರಡಿಯೊಂದನ್ನೇ ನಂಬಿದ್ದರೆ ಆ ಮದ್ದು ಕಸದ ಪಾಲಾಗುತ್ತಿತ್ತು. ಮೂಲಿಕೆಗಳಲ್ಲಿಯೂ ಹೀಗೆಯೇ. 2010ರಲ್ಲಿ ಆಗ್ರಾದ ಜಾಲ್ಮಾ ಸಂಸ್ಥೆಯವರು ಕುಪ್ಪಿಗಿಡ, ಆಡುಸೋಗೆ, ಈರುಳ್ಳಿ, ಬೆಳ್ಳುಳ್ಳಿ ಮತ್ತು ಲೋಳೆಸರದ ಜಲಸಾರಗಳನ್ನು ಹಲವು ಔಷಧಿಗಳಿಗೆ ಬಗ್ಗದ ಎರಡು ಕ್ಷಯಾಣು ತಳಿಗಳ ಮೇಲೆ ಪರೀಕ್ಷಿಸಿದ ವರದಿಯನ್ನು ಪ್ರಕಟಿಸಿದರು. ಶೇಕಡ 4ರ ಪ್ರಮಾಣದಲ್ಲಿ ಕುಪ್ಪಿಗಿಡದ ಸಾರವು ಎರಡು ತಳಿಗಳ ಬೆಳವಣಿಗೆಯನ್ನೂ ಶೇಕಡ 95ರಷ್ಟು ತಡೆದಿತ್ತು. ಆಡುಸೋಗೆಯಾದರೋ ಒಂದರಲ್ಲಿ 32, ಇನ್ನೊಂದರಲ್ಲಿ 86. ಬೇಗ ಬೆಳೆಯುವ ಮತ್ತೊಬ್ಬ ದಾಯಾದಿಯಾದ ಫಾರ್ಚುಯಿಟಮ್ ಮೇಲೆ ಐದರಲ್ಲಿ ಒಂದೂ ಕೆಲಸಮಾಡಲಿಲ್ಲ. ಅದರ ಮೇಲೆ ಮಾತ್ರ ಪ್ರಯೋಗ ನಡೆಸಿದವರು ಕುಪ್ಪಿಗಿಡವನ್ನು ಅಂದೇ ಕೈಬಿಡುತ್ತಿದ್ದರು.

ಪ್ರಮಾಣದ ಮಾತನ್ನೂ ಮರೆಯಲಾಗದು. ಔಷಧಿಗೆ ಬಗ್ಗುವ ಕ್ಷಯಾಣುವನ್ನು ತಡೆಯಲು ಒಂದು ಮಿಲಿಲೀಟರಿನಲ್ಲಿ ಒಂದು ಮೈಕ್ರೋಗ್ರಾಮಿಗಿಂತ ಕಡಿಮೆ ಐಸೋನಿಯಜಿಡ್ ಸಾಕು. ಅದೇ ಶೇಕಡ 4ರಷ್ಟು ಎಲೆಯ ಸಾರವನ್ನು ರೋಗಿಯ ರಕ್ತದಲ್ಲಿ ಉಂಟುಮಾಡುವುದು ಊಹೆಗೂ ನಿಲುಕದು. ಸಾರದೊಳಗಿನ ಕಾರ್ಯಕಾರಿ ದ್ರವ್ಯವನ್ನು ಬೇರ್ಪಡಿಸಬೇಕು. ಆಡುಸೋಗೆಯ ವ್ಯಾಸಿಸಿನ್‌ನಿಂದ ರೂಪುಗೊಂಡ ಬ್ರೋಮ್‌ಹೆಕ್ಸಿನ್, ಆಂಬ್ರಾಕ್ಸಾಲ್‌ಗಳು ಇಂದು ಕೆಮ್ಮಿನ ಮದ್ದುಗಳಾಗಿವೆ. ಅವು ಪ್ರನಾಳದಲ್ಲಿ ಕ್ಷಯಾಣುವನ್ನೂ ತಡೆಯುತ್ತವೆಂದು 1996ರಲ್ಲಿ ವರದಿಯಾಯಿತು. ಇದರಿಂದ ಕಷಾಯವು ಮಾತ್ರೆಗೆ ಬದಲಿಯಾಗದು. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಮಾತ್ರೆಗಳು ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತವೆ. ನಡುವೆ ಬಿಟ್ಟವರಲ್ಲಿ ಔಷಧಿಗೆ ಬಗ್ಗದ ತಳಿಗಳು ತಲೆಯೆತ್ತುವ ಭಯವುಂಟು.

ಪರೀಕ್ಷೆ ಕೈಗೊಳ್ಳುವ ವಿದ್ಯಾರ್ಥಿಗಳು ಗಿಡದ ಒಣಮಾದರಿಯನ್ನು ಕಾಪಿಟ್ಟು, ಕೊಯ್ದ ಸ್ಥಳ ಮತ್ತು ತಿಂಗಳುಗಳನ್ನು ಬರೆದಿಡತಕ್ಕದ್ದು. ಆಡುಸೋಗೆಯ ಎಲೆಯಲ್ಲಿ ವ್ಯಾಸಿಸಿನ್ನಿನ ಪ್ರಮಾಣವು ಋತುವಿನೊಡನೆ ಏರಿಳಿಯುತ್ತದೆ.