ಗ್ರಿಫಿತ್ ಹೇಳಿದ್ದು, ಗ್ರಿಮ್ ಕೇಳದ್ದು

ಈಗ ದೊಡ್ಡ ತಂಡಗಳಲ್ಲಿ ಫಿಸಿಯೋ ಪಕ್ಕದಲ್ಲೇ ಮನಸ್ಸು ಗಟ್ಟಿ ಮಾಡುವ ಕೋಚ್‌ಗೂ ಒಂದು ಕುರ್ಚಿ. 2011ರಲ್ಲಿ ಧೋನಿ ಬಳಗ ವಿಶ್ವಕಪ್ ಗೆದ್ದಾಗ ಆ ಕುರ್ಚಿಯಲ್ಲಿ ಪ್ಯಾಡಿ ಅಪ್ಟನ್ ಇದ್ದರು. 2022ರಲ್ಲಿ ನಮ್ಮ ದ್ರಾವಿಡ್ ಕೋಚ್ ಆಗಿದ್ದಾಗ ಮತ್ತೆ ಬಂದರು. 2024ರಲ್ಲಿ ಚೆಸ್ ಕಿರೀಟ ಗೆದ್ದ ಗುಕೇಶ್ ಬೆನ್ನಿಗೂ ಅವರೇ. ಇದೆಲ್ಲ ನಿನ್ನೆ ಮೊನ್ನೆ ಹುಟ್ಟಿದ ವಿದ್ಯೆ ಎನ್ನುವವರು 1938ರ ಷಿಕಾಗೋ ಜಗಳವನ್ನು ಒಮ್ಮೆ ಕೇಳಬೇಕು.

ಕೋಲ್ಮನ್ ಗ್ರಿಫಿತ್ ಇಲಿನಾಯ್ ವಿಶ್ವವಿದ್ಯಾಲಯದ ಮನೋವಿಜ್ಞಾನದ ಮೇಷ್ಟ್ರು. 1925ರಲ್ಲಿ ಅಲ್ಲಿ ಆಟಗಾರರಿಗೆಂದೇ ಒಂದು ಪ್ರಯೋಗಾಲಯ ತೆರೆದರು. ಅದರ ಹಿಂದಿನ ವರ್ಷ ಅದೇ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಹುಡುಗ ರೆಡ್ ಗ್ರೇಂಜ್ ಮಿಷಿಗನ್ ಎದುರು ಮೊದಲ 12 ನಿಮಿಷಗಳಲ್ಲೇ ಓಡಿ ನಾಲ್ಕು ಟಚ್‌ಡೌನ್ ಗಳಿಸಿದ್ದ. ಗ್ರಿಫಿತ್ ವಿಚಾರಿಸಿದರೆ, ಆ ಓಟಗಳ ಬಗ್ಗೆ ಅವನಿಗೆ ಹೆಚ್ಚೇನೂ ನೆನಪಿರಲಿಲ್ಲ! ಮೈಗೆ ಅಷ್ಟು ಒಗ್ಗಿದ ಆಟಕ್ಕೆ ಯೋಚನೆಯ ಹಂಗಿರಲಿಲ್ಲ. ಹುರಿದುಂಬಿಸುವ ಭಾಷಣಗಳಿಗೆ ಹೆಸರಾದ ನೋಟರ್‌ಡೇಮ್ ಕೋಚ್ ನ್ಯೂಟ್ ರಾಕ್ನಿಗೂ ಗ್ರಿಫಿತ್ ಕಾಗದ ಬರೆದರು. ತಾನು ಹುಡುಗರನ್ನು ಕೆರಳಿಸುವುದು ಅಪರೂಪ, ನೆಬ್ರಾಸ್ಕಾ ಪಂದ್ಯಕ್ಕೆ ಕೆರಳಿಸಿದ್ದೇ ತಪ್ಪಾಯಿತು, ಮುಂದಿನ ಪಂದ್ಯದಲ್ಲಿ ಹುಡುಗರು ಬಳಲಿದರು ಎಂದು ಉತ್ತರ ಬಂತು. ನಮ್ಮ ಕೋಚಿಂಗ್ ಕ್ಯಾಂಪುಗಳ ಗೋಡೆ ತುಂಬ ಘೋಷಣೆ ಅಂಟಿಸುವವರು ಈ ಕಾಗದಕ್ಕೂ ಕಟ್ಟು ಹಾಕಿಸಿ ತೂಗುಹಾಕಬಹುದಿತ್ತು.

ಆಟದ ಮನೋವಿಜ್ಞಾನದ ಬಗ್ಗೆ ಗ್ರಿಫಿತ್ ಎರಡು ಪುಸ್ತಕ ಬರೆದರು. 1932ರಲ್ಲಿ ದುಡ್ಡಿಲ್ಲದೆ ಪ್ರಯೋಗಾಲಯ ಮುಚ್ಚಿತು.

ಆರು ವರ್ಷದ ಮೇಲೆ, ಚ್ಯೂಯಿಂಗ್ ಗಮ್ ಸಾಹುಕಾರ ಫಿಲಿಪ್ ರಿಗ್ಲಿ ಅವರನ್ನು ತನ್ನ ಬೇಸ್‌ಬಾಲ್ ತಂಡ ಷಿಕಾಗೋ ಕಬ್ಸ್‌ಗೆ ಕರೆಸಿಕೊಂಡರು. ಕ್ಯಾಲಿಫೋರ್ನಿಯಾದ ಕ್ಯಾಟಲಿನಾ ದ್ವೀಪದಲ್ಲಿ ಅಭ್ಯಾಸ ಶಿಬಿರ. ಮೇಷ್ಟ್ರು ಮೂವೀ ಕ್ಯಾಮೆರಾ, ಕಾಲ ಅಳೆಯುವ ಯಂತ್ರ ಎಲ್ಲ ಹೊತ್ತು ಬಂದಿಳಿದರು. ಮ್ಯಾನೇಜರ್ ಚಾರ್ಲಿ ಗ್ರಿಮ್ ಬ್ಯಾಂಜೋ ನುಡಿಸುವ ಖುಷಿವಂತ. ಆದರೆ ಈ ಮೇಷ್ಟ್ರನ್ನು ಕಂಡರೆ ಅವನಿಗಾಗದು.

ಗ್ರಿಫಿತ್ ಕಣ್ಣಿಗೆ ಬಿದ್ದದ್ದು ಸರಳ ಸಂಗತಿ. ಬ್ಯಾಟಿಂಗ್ ಅಭ್ಯಾಸವೆಂದರೆ ನಾಲ್ಕು ಚೆಂಡು ಬೀಸಿ, ಹರಟೆ ಹೊಡೆದು ಹೋಗುವುದು. ಪಂದ್ಯದ ಬಿಸಿ ಅಲ್ಲಿ ಎಳ್ಳಷ್ಟೂ ಇಲ್ಲ. ಅಭ್ಯಾಸವನ್ನೇ ಪಂದ್ಯದ ಹಾಗೆ ನಡೆಸಿ, ಆಗ ಧೈರ್ಯ ತಾನಾಗಿ ಬರುತ್ತದೆ ಎನ್ನುವುದು ಅವರ ವಾದ. ಗ್ರಿಮ್ ಸೊಪ್ಪು ಹಾಕಲಿಲ್ಲ. ತಮ್ಮ ಮಾತು ಕೇಳಬೇಡಿ ಎಂದು ಗ್ರಿಮ್ ಆಟಗಾರರಿಗೆ ಕಿವಿಯೂದುತ್ತಾನೆ ಎಂಬುದು ಮೇಷ್ಟ್ರ ದೂರು. ಅವರೂ ಸುಮ್ಮನಿರಲಿಲ್ಲ. ಸಾಹುಕಾರರಿಗೆ ಪುಟಗಟ್ಟಲೆ ವರದಿ ಕಳಿಸಿದರು, ಅದರಲ್ಲಿ ಗ್ರಿಮ್‌ನನ್ನು ಜಾಡಿಸಿದರು. ಮನಸ್ಸಿನ ಪಂಡಿತನಿಗೆ ಎದುರಿಗಿದ್ದವನ ಮನಸ್ಸು ಗೆಲ್ಲುವುದಾಗಲಿಲ್ಲವಲ್ಲ! ತನ್ನ ಅಂಗಳಕ್ಕೇ ಬಂದು ತನ್ನ ಮೇಲೆ ವರದಿ ಬರೆಯುವವನನ್ನು ಯಾವ ಕೋಚ್ ಸಹಿಸಿಯಾನು?

ಜುಲೈನಲ್ಲಿ ಗ್ರಿಮ್ ಕೆಲಸ ಹೋಯಿತು. ಆ ಜಾಗಕ್ಕೆ ಬಂದ, ತಂಡದ ಆಟಗಾರನೇ ಆಗಿದ್ದ ಗ್ಯಾಬಿ ಹಾರ್ಟ್‌ನೆಟ್ ಕೂಡ ಮೇಷ್ಟ್ರ ಮನಸ್ಸಿಗೆ ಹಿಡಿಸಲಿಲ್ಲ. ಅದೇ ಹಾರ್ಟ್‌ನೆಟ್ ಸೆಪ್ಟೆಂಬರ್ 28ರ ಮುಸ್ಸಂಜೆಯಲ್ಲಿ ಪಿಟ್ಸ್‌ಬರ್ಗ್ ವಿರುದ್ಧ ಹೊಡೆದ ಹೋಮ್‌ರನ್‌ನಿಂದ ಕಬ್ಸ್ ಲೀಗ್‌ನ ತುದಿಗೇರಿತು. ಲೀಗ್ ವಿಜೇತರು ಸೆಣಸುವ ವರ್ಲ್ಡ್ ಸೀರೀಸ್‌ನಲ್ಲಿ ಯಾಂಕೀಸ್ ಕೈಲಿ ನಾಲ್ಕಕ್ಕೆ ನಾಲ್ಕೂ ಸೋತದ್ದು ಬೇರೆ ಮಾತು. ಮೇಷ್ಟ್ರ ವರದಿಗಳು ತೆಳ್ಳಗಾಗುತ್ತ, 1940ರ ಹೊತ್ತಿಗೆ ನಿಂತೇಹೋದವು.

1944ರಲ್ಲಿ ಗ್ರಿಫಿತ್ ತಮ್ಮ ವಿಶ್ವವಿದ್ಯಾಲಯದ ಪ್ರೊವೋಸ್ಟ್, ಅಂದರೆ ಶೈಕ್ಷಣಿಕ ಮುಖ್ಯಸ್ಥರಾದರು. ಅದೇ ವರ್ಷ ಕಬ್ಸ್ ಮತ್ತೆ ಗ್ರಿಮ್‌ನನ್ನೇ ಕರೆತಂದಿತು. ಕ್ಯಾಮೆರಾ, ವರದಿಗಳ ಕಾಟವಿಲ್ಲದ ಗ್ರಿಮ್ ಮರುವರ್ಷವೇ ತಂಡಕ್ಕೆ ಲೀಗ್ ಗೆದ್ದುಕೊಟ್ಟ. ವರ್ಲ್ಡ್ ಸೀರೀಸ್ ಗೆಲುವಿಗೆ ಮಾತ್ರ ಕಬ್ಸ್ 2016ರವರೆಗೆ ಕಾಯಬೇಕಾಯಿತು. ಆ ಕಾಯುವಿಕೆಗೂ ಗ್ರಿಫಿತ್ ವರದಿಗಳಿಗೂ ಗಂಟು ಹಾಕುವಷ್ಟು ಧೈರ್ಯ ನನಗಿಲ್ಲ.