ಹಬ್ಬ ಉಳಿಯಿತು, ಕುಲುಮೆ ಆರಿತು: ಮತ್ತೋಡಿನ ಗಾಜಿನ ಬಳೆಗೂ ವೆನಿಸ್‌ಗೂ ಏನು ನಂಟು?

ದಹಿಸರ್ (ಮುಂಬೈ): ಶ್ರಾವಣ ಬಂತೆಂದರೆ ದಹಿಸರ್‌ನ ಬಳೆ ಅಂಗಡಿಗಳಲ್ಲಿ ಹಸಿರು ಬಣ್ಣದ್ದೇ ದರ್ಬಾರು. ಮರಾಠಿ ಹೆಂಗಸರಿಗೆ ಮಂಗಳಾಗೌರಿ, ಹರತಾಳಿಕಾ. ಇಲ್ಲಿ ನೆಲೆಸಿರುವ ಕನ್ನಡ ಮನೆಗಳಿಗೆ ವರಮಹಾಲಕ್ಷ್ಮಿ, ಗೌರಿ ಹಬ್ಬ. ಹಬ್ಬ ಯಾವುದೇ ಇರಲಿ, ಡಜನ್ ಲೆಕ್ಕದಲ್ಲಿ ಗಾಜಿನ ಬಳೆ ಬೇಕೇ ಬೇಕು. ಲೋಕಲ್ ರೈಲಿನ ನೂಕುನುಗ್ಗಲಿಗೆ ಹೆದರಿ ಉಳಿದ ದಿನ ಲೋಹದ ಬಳೆ ತೊಡುವವರೂ ಈಗ ಗಾಜನ್ನೇ ಕೇಳುತ್ತಾರೆ.

ಆ ಬಳೆಯನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿ. ಸುತ್ತಿನಲ್ಲಿ ಒಂದು ಕಡೆ ಸಣ್ಣ ಬೆಸುಗೆ ಕಾಣಿಸಿದರೆ ಅದು ಹೆಚ್ಚಾಗಿ ಉತ್ತರ ಪ್ರದೇಶದ ಫಿರೋಜಾಬಾದ್‌ನದ್ದು. ಅಲ್ಲಿ ಕರಗಿದ ಗಾಜನ್ನು ನೂಲಿನಂತೆ ಎಳೆದು, ತಿರುಗುವ ಉರುಳೆಗೆ ಸ್ಪ್ರಿಂಗ್‌ನಂತೆ ಸುತ್ತುತ್ತಾರೆ. ಬಳಿಕ ಉದ್ದಕ್ಕೆ ಕೊಯ್ದು, ತುದಿಗಳನ್ನು ಒಂದೊಂದಾಗಿ ದೀಪದ ಉರಿಯಲ್ಲಿ ಕೂಡಿಸುತ್ತಾರೆ. ದೇಶದ ಹೆಚ್ಚಿನ ಗಾಜಿನ ಬಳೆಗಳು ಇಂದು ಬರುವುದು ಅಲ್ಲಿಂದಲೇ.

ಆದರೆ ಕನ್ನಡ ನಾಡಿನಲ್ಲಿ ಬೆಸುಗೆಯೇ ಇಲ್ಲದ ಬಳೆ ತಯಾರಾಗುತ್ತಿದ್ದ ಊರೊಂದಿತ್ತು.

ಮತ್ತೋಡಿನ ಐದು ಬಣ್ಣ

ಅದು ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲೂಕಿನ ಮತ್ತೋಡು. ಟಿಪ್ಪು ಪತನದ ಬೆನ್ನಲ್ಲೇ, 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಗಾಜಿನ ಕೆಲಸವನ್ನು ದಾಖಲಿಸಿದ್ದಾನೆ. ಮುಂದೆ ಮೈಸೂರು ಗೆಜೆಟಿಯರ್‌ನಲ್ಲೂ ಇದರ ವಿವರ ಬಂದಿದೆ. ಕೋಟೆಗೋಡೆಯ ಒಳಬದಿಗೆ ಒತ್ತಿಕೊಂಡು, ಗುಮ್ಮಟದ ಆಕಾರದಲ್ಲಿ ಮಣ್ಣಿನಿಂದಲೇ ಕಟ್ಟಿದ ಕುಲುಮೆಗಳು. ಕಚ್ಚಾವಸ್ತು ದೂರದಿಂದ ತರಬೇಕಿರಲಿಲ್ಲ. ಸುತ್ತಲಿನ ನೆಲದ ಚೌಳು, ಬಿಳಿಕಲ್ಲಿನ ಪುಡಿ ಸೇರಿಸಿ ಕರಗಿಸಿದರೆ ಗಾಜು. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಹೀಗೆ ಐದು ಬಣ್ಣದ ಬಳೆಗಳು ಇಲ್ಲಿಂದ ಹೊರಡುತ್ತಿದ್ದವು.

ಕೆಲಸಗಾರ ಕಬ್ಬಿಣದ ಸಲಾಕೆಯಿಂದ ಗಾಜಿನ ಸಣ್ಣ ಉಂಡೆ ಎತ್ತಿ, ಬಿಸಿಯಿರುವಾಗಲೇ ತಿರುಗಿಸುತ್ತಾ ಉಂಗುರ ಮಾಡಿ, ಶಂಕುವಿನಂಥ ಅಚ್ಚಿನ ಮೇಲೆ ಬೇಕಾದ ಅಳತೆಗೆ ಹಿಗ್ಗಿಸುತ್ತಿದ್ದ. ಜೋಡಣೆಯೇ ಇಲ್ಲದ ಇಡೀ ಸುತ್ತು. ಬಳೆಗಾರನ ಮಲಾರದಲ್ಲಿ ಅವು ಊರೂರು ತಿರುಗುತ್ತಿದ್ದವು.

ಹತ್ತೊಂಬತ್ತನೇ ಶತಮಾನದ ಕೊನೆಗೆ ಲೆಕ್ಕಾಚಾರ ಬದಲಾಯಿತು. ಆಗ ಆಸ್ಟ್ರಿಯಾ ಸಾಮ್ರಾಜ್ಯದ ಭಾಗವಾಗಿದ್ದ ಬೊಹೀಮಿಯಾದಿಂದ, ಅಂದರೆ ಇಂದಿನ ಜೆಕ್ ದೇಶದಿಂದ, ನಯವಾದ ಅಗ್ಗದ ಬಳೆಗಳು ಹಡಗುಗಟ್ಟಲೆ ಭಾರತಕ್ಕೆ ಬರತೊಡಗಿದವು. ಬೊಹೀಮಿಯಾದ ಯಾಬ್ಲೊನೆಟ್ಸ್ ಎಂಬ ಊರು ಭಾರತದ ಹೆಂಗಸರ ಕೈ ಅಳತೆಗೆಂದೇ ಬಳೆ ಮಾಡುತ್ತಿತ್ತು! ಇಂಥ ಸರಕಿಗೆ ಬಾಂಬೆ ಬಂದರೇ ಹೆಬ್ಬಾಗಿಲು. ಮೊದಲ ಮಹಾಯುದ್ಧದಲ್ಲಿ ಆ ದಾರಿ ಮುಚ್ಚಿದಾಗ ಜಪಾನಿನ ಬಳೆ ನುಗ್ಗಿತು, ಫಿರೋಜಾಬಾದ್ ಬೆಳೆಯಿತು. ಮತ್ತೋಡಿನಂಥ ಊರುಗಳ ಕುಲುಮೆಗಳಿಗೆ ಜಾಗ ಉಳಿಯಲಿಲ್ಲ.

ವೆನಿಸ್‌ಗೂ ಬಿದ್ದಿತ್ತು ಇದೇ ಹೊಡೆತ

ಇಟಲಿಯ ವೆನಿಸ್, ಹಿನ್ನೀರಿನ ನಡುವಿನ ದ್ವೀಪಗಳ ಮೇಲೆ ನಿಂತ ನಗರ. ಬೆಂಕಿ ಅವಘಡದ ಭಯದಿಂದ 1291ರಲ್ಲಿ ಗಾಜಿನ ಕುಲುಮೆಗಳನ್ನೆಲ್ಲ ಪಕ್ಕದ ಮುರಾನೊ ದ್ವೀಪಕ್ಕೆ ಸಾಗಹಾಕಲಾಯಿತು. ಕಸುಬಿನ ಗುಟ್ಟು ಹೊರಹೋಗದಂತೆ, ಅಪ್ಪಣೆಯಿಲ್ಲದೆ ಕುಶಲಕರ್ಮಿ ಬೇರೆ ದೇಶಕ್ಕೆ ಹೋಗುವುದನ್ನೇ ನಿಷೇಧಿಸಿದ್ದರು. ಗೌರವವೂ ಇತ್ತು, ಬೇಡಿಯೂ ಇತ್ತು.

ಅಲ್ಲೂ ಹಬ್ಬಕ್ಕೂ ಗಾಜಿಗೂ ನಂಟು. ಸೆನ್ಸಾ ಹಬ್ಬದಂದು ವೆನಿಸ್‌ನ ದೊರೆ ದೋಣಿಯಲ್ಲಿ ಸಾಗಿ ಸಮುದ್ರಕ್ಕೆ ಉಂಗುರ ಎಸೆಯುತ್ತಿದ್ದ. ಅದು ಕಡಲಿನೊಂದಿಗೆ ನಗರದ ಮದುವೆ. ಆ ಸಮಯದ ಜಾತ್ರೆಯಲ್ಲಿ ಗಾಜಿನವರ ಮಳಿಗೆಗಳೂ ಇರುತ್ತಿದ್ದವು. ಈಗ ಉಂಗುರ ಎಸೆಯುವುದು ಮೇಯರ್. ಜುಲೈ ಮೂರನೇ ವಾರಾಂತ್ಯದ ರೆದೆಂತೋರೆ, ನವೆಂಬರ್ 21ರ ಸಲೂತೆ, ಈ ಎರಡೂ ಪ್ಲೇಗ್ ಮಾರಿಯಿಂದ ಪಾರಾದ ಹರಕೆಯ ಹಬ್ಬಗಳು. ಮೊದಲನೆಯದು 1575-77ರ ಪಿಡುಗಿನದ್ದು, ಎರಡನೆಯದು 1630-31ರದ್ದು.

ಹದಿನೆಂಟನೇ ಶತಮಾನದಲ್ಲಿ ಮುರಾನೊದ ಮಾರುಕಟ್ಟೆ ಕಿತ್ತುಕೊಂಡಿದ್ದೂ ಬೊಹೀಮಿಯಾದ ಗಾಜೇ. 1797ರಲ್ಲಿ ನೆಪೋಲಿಯನ್ ಕೈಯಲ್ಲಿ ವೆನಿಸ್ ಗಣರಾಜ್ಯವೂ ಮುಗಿಯಿತು. ಆದರೂ ಕುಲುಮೆ ಉಳಿದಿದ್ದು ಹೇಗೆ? ಹಬ್ಬದಿಂದಲ್ಲ. 1861ರಲ್ಲಿ ಅಲ್ಲಿ ಗಾಜಿನ ಮ್ಯೂಸಿಯಂ ಎದ್ದಿತು, ಹಳೆಯ ವಿಧಾನಗಳನ್ನು ಹುಡುಕಿ ಮತ್ತೆ ಕಲಿತರು. ನಕಲಿ ಮಾಲು ತಡೆಯಲು 1994ರ ಪ್ರಾಂತೀಯ ಕಾನೂನಿನಡಿ ಮುರಾನೊ ಗಾಜಿಗೆ ಪ್ರತ್ಯೇಕ ಮುದ್ರೆ ಬಂತು. ಮತ್ತೋಡಿಗೆ ಇಂಥ ಯಾವ ಆಸರೆಯೂ ಇರಲಿಲ್ಲ.

ಹಾಗೆಂದು ವೆನಿಸ್ ಸುಖವಾಗಿದೆ ಎನ್ನುವಂತಿಲ್ಲ. 1950ರ ದಶಕದ ಆರಂಭದಲ್ಲಿ 1.70 ಲಕ್ಷಕ್ಕೂ ಹೆಚ್ಚು ಜನರಿದ್ದ ಹಳೆಯ ನಗರದಲ್ಲಿ 2022ರ ಹೊತ್ತಿಗೆ ನಿವಾಸಿಗಳ ಸಂಖ್ಯೆ 50 ಸಾವಿರಕ್ಕಿಂತ ಕೆಳಗಿಳಿಯಿತು. ಹಬ್ಬದ ಜಂಗುಳಿಯಲ್ಲಿ ಈಗ ಪ್ರವಾಸಿಗರ ಪಾಲು ದೊಡ್ಡದು.

ಸವದತ್ತಿಯಲ್ಲಿ ಒಡೆಯುವ ಬಳೆ

ನಮ್ಮಲ್ಲಿ ಉಲ್ಟಾ. ಇಲ್ಲಿ ಹಬ್ಬಕ್ಕೆ ಜನರ ಕೊರತೆಯಿಲ್ಲ. ಬೆಳಗಾವಿ ಜಿಲ್ಲೆಯ ಸವದತ್ತಿ ಯಲ್ಲಮ್ಮನ ಗುಡ್ಡವನ್ನೇ ನೋಡಿ. ಜಮದಗ್ನಿ ಹತನಾಗಿ ದೇವಿ ವಿಧವೆಯಾದಳೆಂಬ ನಂಬಿಕೆಯಂತೆ ಹೊಸ್ತಿಲ ಹುಣ್ಣಿಮೆಯಂದು ಬಳೆ ಒಡೆಯುವ ಆಚರಣೆಯಿದೆ. ಎರಡು ತಿಂಗಳ ಬಳಿಕ ಭಾರತ ಹುಣ್ಣಿಮೆಗೆ ಆಕೆ ಮತ್ತೆ ಮುತ್ತೈದೆ; ಆಗ ಹೊಸ ಹಸಿರು ಬಳೆ. ಕರ್ನಾಟಕದ್ದಷ್ಟೇ ಅಲ್ಲ, ಮಹಾರಾಷ್ಟ್ರದ ಭಕ್ತರೂ ಬರುತ್ತಾರೆ. ಇಷ್ಟು ಗಾಜು ಬೇಡುವ ಹಬ್ಬವಿದ್ದೂ ಆ ಗಾಜನ್ನು ಕರಗಿಸುವ ಒಲೆ ದೂರದ ಫಿರೋಜಾಬಾದ್‌ನಲ್ಲಿದೆ.

ಆ ಒಲೆಗೂ ಮುರಾನೊದ ಒಲೆಗೂ ಈಗ ಇಂಧನ ಒಂದೇ, ನೈಸರ್ಗಿಕ ಅನಿಲ. ತಾಜ್ ಮಹಲ್‌ಗೆ ಹೊಗೆಯ ಹಾನಿ ತಪ್ಪಿಸಲು 1996ರಲ್ಲಿ ಸುಪ್ರೀಂ ಕೋರ್ಟ್ ಕಲ್ಲಿದ್ದಲು ಬಿಡಿಸಿದ ಮೇಲೆ ಆಗ್ರಾ ಸುತ್ತಲಿನ ಉದ್ಯಮಗಳು ಗ್ಯಾಸ್‌ಗೆ ತಿರುಗಿದವು. ಗಾಜಿನ ಕುಲುಮೆಯನ್ನು ರಾತ್ರಿ ಆರಿಸಿ ಬೆಳಿಗ್ಗೆ ಹಚ್ಚುವಂತಿಲ್ಲ, ತಣಿದರೆ ಮೂಸೆಯೇ ಬಿರಿಯುತ್ತದೆ. ಹಾಗಾಗಿ ಗ್ಯಾಸ್ ದರ ಏರಿದರೆ ದಿನದ 24 ಗಂಟೆಯೂ ನಷ್ಟ. 2021-22ರಲ್ಲಿ ಯುರೋಪಿನಲ್ಲಿ ದರ ಜಿಗಿದಾಗ ಮುರಾನೊದ ಹಲವು ಕುಲುಮೆಗಳು ಕೆಲಸ ನಿಲ್ಲಿಸಿದ್ದವು.

ಫಿರೋಜಾಬಾದ್‌ನಲ್ಲಿ ಈ ಏರಿಳಿತದ ಬಿಸಿ ಕಾರ್ಖಾನೆಗೆ ಮಾತ್ರ ತಟ್ಟುವುದಿಲ್ಲ. ಬಳೆಯ ತುದಿ ಕೂಡಿಸುವ ಕೆಲಸ ಬಹುಪಾಲು ನಡೆಯುವುದು ಕಾರ್ಮಿಕರ ಮನೆಗಳಲ್ಲಿ, ಹೆಚ್ಚಾಗಿ ಹೆಂಗಸರ ಕೈಯಲ್ಲಿ. ಅವರಿಗೆ ತಿಂಗಳ ಸಂಬಳವಿಲ್ಲ. ‘ತೋಡಾ’ ಎಂಬ ಬಳೆ ಕಟ್ಟಿನ ಲೆಕ್ಕದಲ್ಲಿ ಕೂಲಿ. ಕುಲುಮೆ ನಿಂತ ದಿನ ಕಟ್ಟು ಬರುವುದಿಲ್ಲ, ಕೂಲಿಯೂ ಇಲ್ಲ.