ಪೊರೆಯಲ್ಲಿ ಕಟ್ಟಿದ ಬುತ್ತಿ

ಕಾಲರಾ ರೋಗದ ಮರ್ಮವನ್ನು ಬಿಡಿಸಿದ ಕೀರ್ತಿಯಲ್ಲಿ ಕಲ್ಕತ್ತೆಗೆ ಸಲ್ಲತಕ್ಕ ಪಾಲು ದೊಡ್ಡದು. 1884ರಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಆ ರೋಗಾಣುವನ್ನು ಬೇರ್ಪಡಿಸಿ ಬೆಳೆಸಿದುದು ಅಲ್ಲಿ. ರೋಗಿಯ ಕರುಳಿನಿಂದ ನೀರು ಸುರಿಯುವುದಕ್ಕೆ ರೋಗಾಣು ಹೊರಸೂಸುವ ವಿಷವೇ ಕಾರಣವೆಂದು ಶಂಭುನಾಥ ಡೇ ಅವರು 1959ರಲ್ಲಿ ಮೊಲಗಳ ಕರುಳಿನಲ್ಲಿ ಪ್ರಯೋಗಿಸಿ ಸಿದ್ಧಪಡಿಸಿದುದೂ ಅಲ್ಲಿಯೇ. ಅದೇ ಊರಿನ ಎಸ್. ಎನ್. ಚಟರ್ಜಿ ಮತ್ತು ಜೆ. ದಾಸ್ ಎಂಬಿಬ್ಬರು 1967ರಲ್ಲಿ ಪ್ರಕಟಿಸಿದ ಸಂಗತಿಗೆ ಮಾತ್ರ ಅಷ್ಟು ಪ್ರಸಿದ್ಧಿ ಬರಲಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅವರಿಗೆ ಕಂಡದ್ದಿಷ್ಟು: ಕಾಲರಾ ರೋಗಾಣುವಿನ ಹೊರಗೋಡೆ ಅಲ್ಲಲ್ಲಿ ಉಬ್ಬಿ, ಆ ಉಬ್ಬು ಬುಡದಲ್ಲಿ ಕಿರಿದಾಗಿ, ಕಡೆಗೆ ಕಳಚಿಕೊಂಡು ಪುಟ್ಟ ಚೀಲವಾಗಿ ಹೊರಬೀಳುತ್ತಿತ್ತು. ಇಂಥ ಚೀಲಗಳನ್ನು ಸತ್ತ ಕೋಶದ ಚೂರುಪಾರೆಂದು ಬದಿಗೊತ್ತಿದವರು ಆ ಕಾಲದಲ್ಲಿ ಕಡಮೆಯಿರಲಿಲ್ಲ.

ಕಾಲರಾ ರೋಗಾಣು ಸೇರಿದ ವರ್ಗದ ಬ್ಯಾಕ್ಟೀರಿಯಗಳಿಗೆ ಒಳಪೊರೆ, ಹೊರಪೊರೆ ಎಂದು ಎರಡು ಪೊರೆಗಳುಂಟು. ನಡುವೆ ಒಂದು ಗಟ್ಟಿಯಾದ ಬಲೆಯಿದ್ದು, ಕೆಲವು ಪ್ರೋಟೀನುಗಳು ಹೊರಪೊರೆಯನ್ನು ಅದಕ್ಕೆ ಬಿಗಿದಿಟ್ಟಿರುತ್ತವೆ. ಆ ಬಿಗಿ ಎಲ್ಲಿ ಸಡಿಲವಾಗುವುದೋ ಅಲ್ಲಿ ಹೊರಪೊರೆಯು ನಡುವಣ ದ್ರವದಲ್ಲಿರುವ ಕಿಣ್ವಗಳನ್ನೂ ವಿಷಗಳನ್ನೂ ಒಳಗೊಂಡು ಉಬ್ಬಿ ಬೇರ್ಪಡುವುದು. ಚೀಲದ ಅಡ್ಡಳತೆ ಸುಮಾರು 20ರಿಂದ 250 ನ್ಯಾನೊಮೀಟರ್. ಹೀಗೆ ಹೊರಟ ಸರಕು, ನೀರಿನಲ್ಲಿ ಚದುರಿ ತೆಳುವಾಗದೆ, ಹೊರಗಣ ಕಿಣ್ವಗಳ ಬಾಯಿಗೂ ಬೀಳದೆ, ದೂರದ ದಾರಿಗೆ ಕಟ್ಟಿದ ಬುತ್ತಿಯಂತೆ ಒಟ್ಟಾಗಿ ಸಾಗುವುದು.

ನನಗೆ ಅತ್ಯಂತ ಸೋಜಿಗವೆನಿಸುವುದು, ಸುಟ್ಟ ಗಾಯಗಳಲ್ಲಿಯೂ ರೋಗಗ್ರಸ್ತ ಶ್ವಾಸಕೋಶಗಳಲ್ಲಿಯೂ ಬೀಡುಬಿಡುವ ಸೂಡೊಮೊನಾಸ್ ಏರುಜಿನೋಸ ಎಂಬ ಬ್ಯಾಕ್ಟೀರಿಯದ ವೃತ್ತಾಂತ. ತನ್ನ ಸಂಖ್ಯೆ ಸಾಕಷ್ಟಾಯಿತೆಂಬುದನ್ನು ನೆರೆಯವರಿಗೆ ತಿಳಿಸಲು ಅದು ಬಳಸುವ ರಾಸಾಯನಿಕ ಸಂಕೇತಗಳಲ್ಲೊಂದು ನೀರಿನಲ್ಲಿ ಕರಗಲೊಲ್ಲದ್ದು. ಅಂಥದು ನೀರಿನಲ್ಲಿ ಹೇಗೆ ಸಂಚರಿಸಬೇಕು? ಅದು ಬಹುಮಟ್ಟಿಗೆ ಈ ಚೀಲಗಳಲ್ಲಿಯೇ ಪ್ರಯಾಣ ಮಾಡುವುದೆಂದು 2005ರಲ್ಲಿ ಮ್ಯಾಶ್‌ಬರ್ನ್ ಮತ್ತು ವೈಟ್ಲಿ ತೋರಿಸಿಕೊಟ್ಟರು. ಅಷ್ಟೇ ಅಲ್ಲ, ಹೊರಪೊರೆಯ ಮೇಲ್ಪದರದಲ್ಲಿ ಸೇರಿಕೊಂಡು ಅದನ್ನು ಬಾಗಿಸಿ ಚೀಲವನ್ನು ಹುಟ್ಟಿಸುವುದು ಕೂಡ ಆ ಸಂಕೇತವೇ. ಬುತ್ತಿಯೇ ತನ್ನ ಬಟ್ಟೆಯನ್ನು ನೇಯ್ದುಕೊಂಡಿತೆಂದರೆ ಯಾರು ನಂಬಿಯಾರು! ಕೆಲವು ಕೋಶಗಳು ಹಠಾತ್ತನೆ ಸಿಡಿದು, ಅವುಗಳ ಪೊರೆಯ ಚೂರುಗಳೇ ಸುರುಳಿಗೊಂಡು ಚೀಲಗಳಾಗುವುದೂ 2016ರಲ್ಲಿ ಬೆಳಕಿಗೆ ಬಂದಿತು. ಹಾಗಾದರೆ ಸಾವಿನ ಚೂರೆಂದು ಬಗೆದವರೂ ಪೂರ್ಣವಾಗಿ ತಪ್ಪಿದವರಲ್ಲ; ಆ ಚೂರಿಗೂ ಕೆಲಸವುಂಟೆಂಬುದು ಅವರಿಗೆ ಹೊಳೆದಿರಲಿಲ್ಲ, ಅಷ್ಟೆ.

ಸರಕು ಯಾವಾಗಲೂ ನಮಗೆ ಹಿತವಾದುದಲ್ಲ. ಕಾಲರಾ ವಿಷವೂ ಈ ಚೀಲಗಳಲ್ಲಿ ಸಿಕ್ಕಿದೆ. ಪೆನಿಸಿಲಿನ್ನನ್ನು ಮುರಿಯುವ ಕಿಣ್ವ ತುಂಬಿದ ಚೀಲಗಳು, ಅಂಥ ಕಿಣ್ವವಿಲ್ಲದ ನೆರೆಯ ಬ್ಯಾಕ್ಟೀರಿಯಗಳನ್ನೂ ಔಷಧದಿಂದ ಕಾಪಾಡಬಲ್ಲವು.

ಆದರೆ ಇದೇ ಚೀಲವನ್ನು ಮನುಷ್ಯನೂ ತನ್ನ ಉಪಯೋಗಕ್ಕೆ ತಿರುಗಿಸಿಕೊಂಡಿದ್ದಾನೆ. ಮಿದುಳುಪೊರೆಯ ಜ್ವರವನ್ನು ತರುವ ಮೆನಿಂಗೊಕಾಕಸ್ಸಿನ 'ಬಿ' ಪಂಗಡದ ಹೊದಿಕೆಯ ಸಕ್ಕರೆಯು ನಮ್ಮ ನರಾಂಗಾಂಶದ ಸಕ್ಕರೆಯನ್ನು ಹೋಲುವುದರಿಂದ, ಆ ಸಕ್ಕರೆಯಿಂದ ಲಸಿಕೆ ಮಾಡುವಂತಿರಲಿಲ್ಲ. ಆಗ ನೆರವಿಗೆ ಬಂದುದು ಅದರ ಹೊರಪೊರೆಯ ಚೀಲ. ಕ್ಯೂಬಾ ಮತ್ತು ನಾರ್ವೆ ದೇಶಗಳಲ್ಲಿ ಮೊದಲಾದ ಈ ದಾರಿಯನ್ನು ಹಿಡಿದು ನ್ಯೂಜಿಲೆಂಡ್ 2004ರಲ್ಲಿ ತನ್ನ ಮಕ್ಕಳಿಗೂ ತರುಣರಿಗೂ ಅಂಥ ಲಸಿಕೆಯನ್ನು ಹಾಕಿಸತೊಡಗಿತು. ಆ ಲಸಿಕೆ ಪಡೆದವರಲ್ಲಿ ಗನೋರಿಯ ಎಂಬ ಮೇಹರೋಗವೂ ಕಡಮೆಯೆಂದು 2017ರ ಅಧ್ಯಯನವೊಂದು ತಿಳಿಸಿದಾಗ ವೈದ್ಯರೇ ಬೆರಗಾದರು. ಎರಡೂ ರೋಗಾಣುಗಳು ಒಂದೇ ಕುಲದವು, ಅವುಗಳ ಹೊರಪೊರೆಯ ಪ್ರೋಟೀನುಗಳಲ್ಲಿ ಎಷ್ಟೋ ಸಾಮ್ಯವುಂಟು.